ಬೇಡದ ದನಿ

ಪ್ರಯೋಗಾಲಯದಲ್ಲಿ ಅವಳಿಗೆ ಮೌನಗೌರಿ ಎಂದೇ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಗೋಡೆಗೂ ಕಿವಿ ಇರುವ ಕಡೆ ಅವಳಿಗೆ ಗೊತ್ತಾಗದೆ ಇದ್ದೀತೇ? ಅವಳ ಕೆಲಸ ಮೀನುಗಾರರ ದೋಣಿಗಳ ರೇಡಿಯೊಗಳಿಗೆ ಬೇಕಾದ ಆವರ್ತನ ಹುಟ್ಟಿಸುವ ಸಿಂಥೆಸೈಜರ್ ಕಟ್ಟುವುದು. ಹಾಡಿನವರ ಸಿಂಥೆಸೈಜರ್ ಅಲ್ಲ, ಇದು ಒಂದೇ ಸ್ವರವನ್ನು ಪಟ್ಟು ಹಿಡಿದು ಹೇಳಬೇಕಾದ್ದು. ಆ ಸ್ವರದ ಪಕ್ಕದಲ್ಲಿ ಕರೆಯದೆ ಬಂದ ನೆಂಟನ ಹಾಗೆ ಇನ್ನೊಂದು ಸಣ್ಣ ಸ್ವರ ಕೂತಿತ್ತು. ಪರದೆಯ ಮೇಲೆ ಚೂಪಾಗಿ ಕಾಣುವುದರಿಂದ ಎಲ್ಲರೂ ಅದನ್ನು ಮುಳ್ಳು ಎನ್ನುತ್ತಿದ್ದರು. ದೂರದ ದೋಣಿಯಿಂದ ಬರುವ ಕ್ಷೀಣ ದನಿ ಆ ಮುಳ್ಳಿನ ಜಾಗದಲ್ಲೇ ಬಂದರೆ ಕೇಳಿಸುವುದೇ ಇಲ್ಲ.

ಅದೇ ಹೊತ್ತಿಗೆ ತಂಗಿಯ ಫೋನು ಬಂದಿತ್ತು. ಅವರಿದ್ದ ಬಾಡಿಗೆ ಮನೆ ಖಾಲಿ ಮಾಡಬೇಕಿತ್ತು. ಗಂಡ, ಇಬ್ಬರು ಮಕ್ಕಳ ಸಮೇತ ಅಕ್ಕನ ಮನೆಯ ಮಹಡಿಗೆ ಬರಲೇ ಎಂದು ಕೇಳಿದಳು. ಶುಕ್ರವಾರದೊಳಗೆ ಹೇಳು ಎಂದಳು. ಅಕ್ಕನ ಎದೆ ಹಿಗ್ಗಿತು. ಅಮ್ಮ ಹೋದಮೇಲೆ ಆ ಮನೆಯಲ್ಲಿ ಸಂಜೆಯಿಂದ ಬೆಳಗಿನವರೆಗೆ ಅವಳು ಒಂದು ಮಾತೂ ಆಡದ ದಿನಗಳೇ ಹೆಚ್ಚು. ಆದರೆ ಬಾಯಿಂದ ಬಂದದ್ದು ಬೇರೆ: "ಮಕ್ಕಳ ಗಲಾಟೆ ನನಗೆ ಆಗಲ್ಲ ಕಣೆ. ಯೋಚನೆ ಮಾಡಿ ಹೇಳ್ತೀನಿ." ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಆ ವಾರವೆಲ್ಲ ಅವಳು ಪ್ರಯೋಗಾಲಯದ ತಾಮ್ರದ ತಗಡು ಹೊದಿಸಿದ ಕೋಣೆಯೊಳಗೆ ಕೂತಳು. ಬಾಗಿಲು ಹಾಕಿದರೆ ಹೊರಗಿನ ಯಾವ ತರಂಗವೂ ಒಳಗೆ ಬರದು. ಫೋನು ಇದ್ದೂ ಇಲ್ಲದಂತೆ. ಸರ್ಕೀಟಿಗೆ ಬರುವ ವಿದ್ಯುತ್ತನ್ನು ಸೋಸಿದಳು, ತಂತಿ ಗಿಡ್ಡ ಮಾಡಿದಳು, ಮುಚ್ಚಳದ ಮೇಲೆ ಮುಚ್ಚಳ ಹಾಕಿದಳು. ಸುತ್ತಲಿನ ಗುಜುಗುಜು ಇಳಿದಷ್ಟೂ ಮುಳ್ಳು ಇನ್ನೂ ಎದ್ದು ಕಂಡಿತು. ಮದ್ದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಸಿಂಥೆಸೈಜರಿನ ಒಳಗೆ ನಡೆಯುವ ಅಂಕಿಗಳ ಎಣಿಕೆ ಒಂದೇ ವರಸೆಯಲ್ಲಿ ಮರುಕಳಿಸುವುದರಿಂದ ಮುಳ್ಳು ಹುಟ್ಟುತ್ತದೆ. ಗೊತ್ತುಗುರಿಯಿಲ್ಲದ ಅಂಕಿಗಳನ್ನು ಚಿಟಿಕೆಯಷ್ಟು ಬೆರೆಸಿದರೆ ವರಸೆ ಮುರಿದು ಮುಳ್ಳು ಚೂರುಚೂರಾಗಿ ಹರಡಿಹೋಗುತ್ತದೆ. ಆದರೆ ತಾನಾಗಿ ಗದ್ದಲ ಬೆರೆಸುವುದೆಂದರೆ ಅವಳಿಗೆ ಗುಡಿಸಿದ ಮನೆಗೆ ಕಸ ಸುರಿದಂತೆ.

ಶುಕ್ರವಾರ ಸಂಜೆ ಸೋತು ಬೆರೆಸಿದಳು. ಮುಳ್ಳು ಕರಗಿತು. ಪರದೆಯ ತಳದಲ್ಲಿದ್ದ ಗದ್ದಲದ ಗೆರೆ ಕೂದಲೆಳೆಯಷ್ಟು ಮೇಲೆದ್ದಿತು, ಅಷ್ಟೆ, ಯಾರಿಗೂ ನಷ್ಟವಿಲ್ಲ. ಕರೆದು ತೋರಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಇಷ್ಟಕ್ಕೇ ಇಷ್ಟು ದಿನ ಹಟ ಹಿಡಿದೆನಲ್ಲ ಎಂದು ನಾಚಿಕೆಯಾಯಿತು. ಮಕ್ಕಳು ಮಹಡಿಯಲ್ಲಿ ಓಡಾಡಿದರೆ ಆಕಾಶ ಕಳಚಿ ಬೀಳುತ್ತದೆಯೇ ಎನಿಸಿತು. ಹೊರಗೆ ಬಂದು ಸಿಗ್ನಲ್ ಸಿಕ್ಕಮೇಲೆ ಫೋನು ನೋಡಿದರೆ ತಂಗಿ ಬೆಳಗಿನಿಂದ ಎಷ್ಟೋ ಸಲ ಕರೆ ಮಾಡಿದ್ದಳು.

"ಬಂದ್ಬಿಡಿ ಕಣೆ, ಎಲ್ಲರೂ," ಎಂದಳು ಅಕ್ಕ ತಿರುಗಿ ಫೋನು ಮಾಡಿ, ಪೀಠಿಕೆಯಿಲ್ಲದೆ.

"ಮಧ್ಯಾಹ್ನದವರೆಗೂ ಕಾದೆ ಅಕ್ಕ. ನೀನು ಫೋನ್ ಎತ್ತಲೇ ಇಲ್ಲ. ನಿನಗೆ ಇಷ್ಟ ಇಲ್ಲ ಅಂದ್ಕೊಂಡು ಬೇರೆ ಮನೆಗೆ ಮಾತು ಕೊಟ್ಬಿಟ್ವಿ." ತಂಗಿಯ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಅದೇ ಹೆಚ್ಚು ನೋಯಿಸಿತು.

ಒಳ್ಳೆಯದೇ ಆಯಿತು ಬಿಡು ಎಂದಳು ಅಕ್ಕ. ಮಾತು ಮುಗಿಸಲು ಮನಸ್ಸಾಗದೆ ಚಿಕ್ಕ ಮಗಳ ಕೈಗೆ ಕೊಡು ಎಂದಳು. ಆ ಕಡೆ ಕಿಲಕಿಲ ನಗು, ಓಟ, ಏನೋ ಬಿದ್ದ ಸದ್ದು. ಫೋನು ಕೈ ಬದಲಾದದ್ದೇ ತಡ, ಎಲ್ಲ ನಿಂತಿತು. "ದೊಡ್ಡಮ್ಮ," ಎಂದಿತು ಮಗು, ಕೇಳಿಸೀತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

"ಜೋರಾಗಿ ಮಾತಾಡು ಪುಟ್ಟಿ."

"ಬೇಡ," ಎಂದು ಮಗು ಪಿಸುಗುಟ್ಟಿತು. "ನಿಂಗೆ ಸದ್ದು ಆಗಲ್ಲ ಅಂತ ಅಮ್ಮ ಹೇಳಿದಾಳೆ."