ಬಿಡದ ಕೆಂಪು

ಮೊಳಕಾಲ್ಮೂರಿನ ಎರ್ರಿಸ್ವಾಮಿ ಬೆಳಗ್ಗೆ ಗುಂಡಿ ಮಗ್ಗಕ್ಕೆ ಇಳಿದರೆ ಏಳುವುದು ಊಟದ ಹೊತ್ತಿಗೇ. ನಡುವೆ ಎದ್ದರೆ ಕೈಯ ಬಿಗಿ ತಪ್ಪಿ ಸೀರೆಯಲ್ಲಿ ಗೆರೆ ಮೂಡುತ್ತದೆ ಎಂದು ಅವನ ನಂಬಿಕೆ. ಏಳಬಾರದೆಂದರೆ ನೀರು ಕುಡಿಯಬಾರದು. ಮೂವತ್ತೈದು ವರ್ಷದಿಂದ ಹೀಗೇ ನಡೆದುಬಂದಿತ್ತು.

ಆ ಸೋಮವಾರ ಅವನ ಹೆಂಡತಿ ದ್ಯಾಮಮ್ಮ ಒಗೆಯಲು ತೆಗೆದ ಪಂಚೆಯನ್ನು ಹಿಡಿದುಕೊಂಡೇ ಮಗ್ಗದ ಹತ್ತಿರ ಬಂದಳು.

"ಇದೇನಯ್ಯ ಕೆಂಪು?"

"ಬಣ್ಣ ಕಣೇ. ನೀನು ಅದ್ದಿದ ನೂಲು ಬಣ್ಣ ಬಿಡ್ತೈತೆ," ಎಂದು ಎರ್ರಿಸ್ವಾಮಿ ತಲೆಯೆತ್ತದೆ ಲಾಳಿ ಓಡಿಸಿದ.

ರೇಷ್ಮೆಗೆ ಬಣ್ಣ ಹಾಕುವವಳು ದ್ಯಾಮಮ್ಮ. ಮದುವೆ ಸೀರೆಯ ಕೆಂಪು ಬೇಕೆಂದರೆ ಬೇರೆ ಮಗ್ಗದವರೂ ಅವಳ ಒಲೆಯ ಮುಂದೆಯೇ ಬಂದು ನಿಲ್ಲುತ್ತಿದ್ದರು. ಅಡುಗೆಗೆ ಹೆಸರಿಟ್ಟಿದ್ದರೂ ಸಹಿಸುತ್ತಿದ್ದಳೇನೋ. ನೇರ ಒಳಗೆ ಹೋದಳು. ಅದೇ ನೂಲಿನ ಒಂದು ಲಡಿಯನ್ನು ಬಿಸಿನೀರಿಗೆ ಅದ್ದಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಹಿಂಡಿ, ಗಂಡನ ಮೂಗಿನ ಮುಂದೆ ಬಿಡಿಸಿದಳು. ಬಟ್ಟೆ ಬೆಳ್ಳಗೇ ಇತ್ತು.

"ನನ್ನ ಕೆಂಪು ಬಿಡಲ್ಲ. ಬಿಟ್ಟಿರೋದು ಯಾವ್ದು, ಹೇಳು."

ಎರ್ರಿಸ್ವಾಮಿ ಮತ್ತೆ ಲಾಳಿಗೆ ಕೈ ಹಾಕಿದ. ಉಚ್ಚೆಯಲ್ಲಿ ರಕ್ತ ಕಂಡು ಎಂಟು ದಿನವಾಗಿತ್ತು. ದೊಡ್ಡ ಕಾಯಿಲೆ ಎಂದುಬಿಟ್ಟರೆ ಮಗ್ಗ ಬಿಡಬೇಕಾದೀತೆಂಬ ಹೆದರಿಕೆ ಅವನಿಗೆ.

"ಸೊಂಟ ನೋಯ್ತೈತೆ, ಅಷ್ಟೇ."

"ಅಷ್ಟಕ್ಕೇ ಹೋಗಿ ತೋರಿಸ್ಕೊಂಡು ಬರೋಣ ನಡಿ."

ಮರುದಿನ ಬಸ್ಸು ಹತ್ತಿ ಚಳ್ಳಕೆರೆಗೆ ಹೋದರು. ಸ್ಕ್ಯಾನಿಂಗ್ ಸೆಂಟರಿನ ಹುಡುಗಿ ಒಂದು ಲೀಟರ್ ನೀರು ಕುಡಿಸಿ, ತಡೆಯಲಾರದಷ್ಟು ಒತ್ತಿ ಬಂದಾಗ ಹೇಳಿ ಎಂದಳು.

"ಇದ್ಯಾವ ದೊಡ್ಡ ಕೆಲ್ಸ! ಆರು ಗಂಟೆ ಅಲ್ಲಾಡದೆ ಕೂರೋನು ನಾನು," ಎಂದ ಎರ್ರಿಸ್ವಾಮಿ.

ಮುಕ್ಕಾಲು ಗಂಟೆಗೆ ಅವನು ಎದ್ದು ನಿಂತಿದ್ದ. ಮತ್ತೆರಡು ನಿಮಿಷಕ್ಕೆ ಕಾಲಿಗೆ ಕಾಲು ಹೆಣೆದಿದ್ದ.

"ಎಷ್ಟು ಗಂಟೆ ಅಂದೆ?" ದ್ಯಾಮಮ್ಮ ಕೇಳಿದಳು.

"ಮಗ್ಗದಾಗೆ ಹೊಟ್ಟೇಲಿ ನೀರೇ ಇರ್ತಿರ್ಲಿಲ್ಲ ಕಣೇ."

"ಹಂಗಾದ್ರೆ ಇಷ್ಟು ವರ್ಷ ಖಾಲಿ ಕೊಡ ಹೊತ್ಕೊಂಡು ಮೆರೆದಿದ್ದೀಯ ಅನ್ನು!"

ಡಾಕ್ಟರ್ ರಶ್ಮಿತಾ ಅವನನ್ನು ಮಲಗಿಸಿ, ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ ಪಕ್ಕೆಯ ಮೇಲೆ ಯಂತ್ರದ ಹಿಡಿ ಆಡಿಸಿದರು. ಪರದೆಯ ಬೂದು ಮಬ್ಬಿನಲ್ಲಿ ಒಂದು ಬಿಳಿ ಚುಕ್ಕೆ ಹೊಳೆಯಿತು.

"ಎಡಗಡೆ ಕಿಡ್ನೀಲಿ ಕಲ್ಲಿದೆ. ಆರು ಎಂಎಂ."

ದ್ಯಾಮಮ್ಮ ಬಗ್ಗಿ ನೋಡಿದಳು. "ಸೀರೆ ಮ್ಯಾಲೆ ಸಾಲ್ದು ಅಂತ ಹೊಟ್ಟೆಯೊಳಗೂ ಬುಟ್ಟಾ ಹಾಕ್ಕೊಂಡವ್ನೆ ನೋಡ್ರಿ."

ಡಾಕ್ಟರ್ ನಕ್ಕರು. ಆಮೇಲೆ ಕೇಳಿದರು: "ಯಜಮಾನ್ರೇ, ಮೂತ್ರದಲ್ಲಿ ರಕ್ತ ಹೋಗಿತ್ತಾ? ಹೋಗಿದ್ರೆ ಮೂತ್ರಚೀಲದ ಒಳಗೆಲ್ಲ ಹುಡುಕಿ ನೋಡ್ಬೇಕು. ಮುಚ್ಚಿಡಬೇಡಿ."

ಎರ್ರಿಸ್ವಾಮಿ ಚಾವಣಿ ನೋಡಿದ. ಬಣ್ಣ ಎಂದರೆ ಮುಗಿಯಿತು, ನಾಳೆ ಮಗ್ಗಕ್ಕೆ ಇಳಿಯಬಹುದು. ತಿರುಗಿದರೆ ದ್ಯಾಮಮ್ಮನ ಕೈ ಕಂಡಿತು. ಉಗುರಿನ ಸಂದಿಯಲ್ಲಿ ವರ್ಷಗಳ ಕೆಂಪು ಹಾಗೇ ಕೂತಿತ್ತು. ಅವಳು ಈಗ ನಗುತ್ತಿರಲಿಲ್ಲ.

"ಇವಳ ಬಣ್ಣ ಬಿಡಲ್ಲ ಮೇಡಂ," ಎಂದ ಅವನು ಮೆಲ್ಲಗೆ. "ಪಂಚೇಲಿ ಇದ್ದದ್ದು ನಂದೇ. ಎಂಟು ದಿನ ಆತು."

ಡಾಕ್ಟರ್ ಹಿಡಿಯನ್ನು ಕಿಬ್ಬೊಟ್ಟೆಗೆ ಒತ್ತಿದರು. ತುಂಬಿದ ಚೀಲ ಪರದೆಯ ಮೇಲೆ ಕಪ್ಪಗೆ, ಗುಂಡಗೆ ಕಂಡಿತು. ಬಹಳ ಹೊತ್ತು ಅದನ್ನೇ ನೋಡಿದರು. ದ್ಯಾಮಮ್ಮ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

"ಇಲ್ಲೇನೂ ಕಾಣ್ತಿಲ್ಲ. ಕಲ್ಲಿಂದಲೇ ಬಂದಿರ್ಬೇಕು. ಆದ್ರೂ ಮೂತ್ರ ಪರೀಕ್ಷೆ ಮಾಡ್ಸಿ, ಈ ರಿಪೋರ್ಟ್ ತಗೊಂಡು ಕಿಡ್ನಿ ಡಾಕ್ಟರನ್ನ ಕಾಣಿ. ದಿನಾ ಮೂರು ಲೀಟರ್ ನೀರು ಕುಡೀಬೇಕು."

"ಮಗ್ಗ?"

"ನೇಯಿರಿ. ಆಗಾಗ ಏಳಿ."

"ಎದ್ರೆ ಸೀರೇಲಿ ಗೆರೆ ಬೀಳ್ತೈತೆ ಮೇಡಂ."

"ಬೀಳ್ಲಿ ಬಿಡು," ಎಂದಳು ದ್ಯಾಮಮ್ಮ. "ಕೇಳ್ದೋರಿಗೆ ಅದೇ ಹೊಸ ಡಿಸೈನ್ ಅನ್ನು. ಈಗ ಮೊದ್ಲು ಹೋಗಿ ಬಾ, ಮಂಚ ಅಲ್ಲಾಡ್ತೈತೆ."

ಈಗ ಮಗ್ಗದ ಪಕ್ಕ ತಂಬಿಗೆಯಿರುತ್ತದೆ. ಲಾಳಿಗೆ ನೂಲು ಸುತ್ತಿದ ಹೊಸ ಕಂಡಿಕೆ ಹಾಕಿದಾಗಲೆಲ್ಲ ಒಂದು ಲೋಟ ನೀರು, ಇದು ದ್ಯಾಮಮ್ಮನ ಕಾನೂನು. ಗೊಣಗುತ್ತಲೇ ಕುಡಿದು, ಗೊಣಗುತ್ತಲೇ ಎದ್ದು ಎರ್ರಿಸ್ವಾಮಿ ಹಿತ್ತಿಲಿಗೆ ಹೋಗುತ್ತಾನೆ. ಹೋದವನು ಅಲ್ಲಿಂದಲೇ ಕೂಗುತ್ತಾನೆ:

"ಏಮೇ, ಬೆಳ್ಳಗೈತೆ!"

ಬಣ್ಣದ ಒಲೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ದ್ಯಾಮಮ್ಮ ಅನ್ನುತ್ತಾಳೆ, "ಹೇಳಯ್ಯ ಹೇಳು, ಇನ್ನೂ ಎರಡು ಕೇರಿಗೆ ಕೇಳಿಲ್ಲ."