ಕೂತ ಕಾಲು, ನಿಂತ ಕಾಲು

ಆಕೆಯ ಕೆಲಸ ನೀರಿನ ಮೀಟರ್ ಓದುವುದು. ತಿಂಗಳಿಗೆ ನಾನೂರು ಮನೆ. ಮೀಟರುಗಳು ಕಣ್ಣೆದುರಿಗೆ ಇರುವುದು ಕಡಿಮೆ. ಮೆಟ್ಟಿಲ ಕೆಳಗೆ, ಹೂಕುಂಡದ ಹಿಂದೆ, ನಾಯಿ ಮಲಗುವ ಮೂಲೆಯಲ್ಲಿ ಅಡಗಿರುತ್ತವೆ. ಬಾಗಬೇಕು, ಮುಚ್ಚಳ ಎತ್ತಬೇಕು, ಗಾಜು ಒರೆಸಿ ಅಂಕಿ ಬರೆದುಕೊಳ್ಳಬೇಕು, ಮತ್ತೆ ನಡೆಯಬೇಕು. ಅವಳ ವಾರ್ಡು ಗುಡ್ಡದ ಮೇಲಿದೆ. ಕೆಲವು ಓಣಿಗಳಿಗೆ ರಸ್ತೆಯೇ ಇಲ್ಲ, ಬರೀ ಕಲ್ಲಿನ ಮೆಟ್ಟಿಲು. ಅಲ್ಲಿಯವರು ಅವಳನ್ನು ಮೀಟರಕ್ಕ ಎಂದು ಕರೆಯುತ್ತಾರೆ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದೂ ಹೇಳುತ್ತಾರೆ. ಆ ಚಕ್ರ ಈಚೆಗೆ ಕುಂಟುತ್ತಿತ್ತು.

ಕಾರಣ ಚಪ್ಪಲಿ. ಒಂದು ವರ್ಷದಲ್ಲಿ ಅದು ಮೂರನೆಯ ಜೊತೆ. ಮೂರನ್ನೂ ತಂದವನು ಗಂಡ. ಅವನು ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವನ ಕೊರಳಲ್ಲಿ ಅಳತೆಯ ಟೇಪು ಊಟಕ್ಕೆ ಕೂತಾಗಲೂ ಇರುತ್ತದೆ. ಅಂಗಡಿಗೆ ಹೋಗಿ ಒಂದೊಂದೇ ಚಪ್ಪಲಿ ಹಾಕಿ ನೋಡುವುದು ಕೆಲಸವಿಲ್ಲದವರ ಕೆಲಸ ಎಂದು ಅವನ ನಂಬಿಕೆ. ಹೆಂಡತಿಯ ಕಾಲು ಅಳೆದು, ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ತಾನೇ ಹೋಗಿ ತರುತ್ತಿದ್ದ. ಗಟ್ಟಿ ತಳದ್ದು, ಕಾಲಿಗೆ ಬಿಗಿಯಾಗಿ ಕೂರುವಂಥದ್ದು ಅವನ ಆಯ್ಕೆ. ಹೊಸ ಬಟ್ಟೆ ಮೊದಲು ಬಿಗಿಯಾಗಿಯೇ ಇರುತ್ತದೆ, ಉಟ್ಟು ಉಟ್ಟು ಸಡಿಲವಾಗುತ್ತದೆ, ಚಪ್ಪಲಿಯೂ ಹಾಗೆಯೇ ಎನ್ನುವುದು ಅವನ ವಾದ. ಅವಳು ಕಚ್ಚುತ್ತದೆ ಎಂದಾಗಲೆಲ್ಲ ಪಳಗುತ್ತದೆ ಬಿಡು ಎನ್ನುತ್ತಿದ್ದ. ಪಳಗಿದ್ದು ಚಪ್ಪಲಿಯಲ್ಲ, ಅವಳು.

ಅವಳ ಕೆಲಸ ಕಾಯಂ ಅಲ್ಲ. ಕಾಲು ನೋವಿನಿಂದ ಎರಡು ತಿಂಗಳು ಓದು ತಡವಾಗಿತ್ತು. ಈ ತಿಂಗಳೂ ಕೊನೆಯ ದಿನದೊಳಗೆ ಮುಗಿಯದಿದ್ದರೆ ಗುಡ್ಡದ ವಾರ್ಡನ್ನು ಬೇರೆಯವರಿಗೆ ಕೊಡುವುದಾಗಿ ನೀರಿನ ಕಚೇರಿಯ ಮೇಲ್ವಿಚಾರಕರು ಹೇಳಿದ್ದರು. ಅವರು ಗದರಲಿಲ್ಲ, ಸುಮ್ಮನೆ ಹೇಳಿದರು. ಅದಕ್ಕೇ ಅವಳಿಗೆ ಹೆಚ್ಚು ಭಯವಾಯಿತು. ಆರು ವರ್ಷ ನಡೆದ ವಾರ್ಡು ಅದು. ಯಾವ ಗೇಟು ಎತ್ತಿ ತಳ್ಳಬೇಕು, ಯಾವ ಅಜ್ಜಿ ಮೊದಲು ನೀರು ಕೊಟ್ಟು ಆಮೇಲೆ ಮಾತಾಡುತ್ತಾಳೆ, ಎಲ್ಲ ಅವಳಿಗೆ ಗೊತ್ತು. ಅದನ್ನು ಬಿಟ್ಟುಕೊಡಲು ಅವಳಿಗೆ ಇಷ್ಟವಿರಲಿಲ್ಲ.

ತಿಂಗಳು ಮುಗಿಯಲು ಹನ್ನೆರಡು ದಿನ, ಓದಬೇಕಾದ ಮನೆಗಳು ಎಂಬತ್ತು ಉಳಿದಿದ್ದವು. ಆ ಸಂಜೆ ಅವಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಬಂದಳು. ಬಲಗಾಲಿನ ಕಿರುಬೆರಳ ಬೊಬ್ಬೆ ಒಡೆದು ರಕ್ತ ಬಂದಿತ್ತು. ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಅದೇ ಮೆಟ್ಟಿಲ ಪಕ್ಕದಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಾರೆ. ಎಲ್ಲರಿಗೂ ಅವರು ದಬ್ಬಳ ಮಾಮ. ದರ್ಜಿಗೂ ಅವರಿಗೂ ಹಳೆಯ ಚೇಷ್ಟೆ ಉಂಟು. ತನ್ನದು ಸೂಜಿಯ ಕೆಲಸ, ನಿಮ್ಮದು ದಬ್ಬಳದ ಕೆಲಸ, ಸೂಕ್ಷ್ಮ ನಿಮಗೆ ಎಲ್ಲಿಂದ ಬರಬೇಕು ಎಂದು ಇವನು ಕೆಣಕುತ್ತಾನೆ. ಮಾಮ ನಕ್ಕುಬಿಡುತ್ತಾರೆ. ಅಂದು ಅವರು ನಗಲಿಲ್ಲ. ಹಳೆಯ ಎರಡು ಜೊತೆಗಳನ್ನೂ ತರಲು ಹೇಳಿ, ಆರೂ ಚಪ್ಪಲಿಗಳನ್ನು ಸಾಲಾಗಿ ಇಟ್ಟು ನೋಡಿದರು.

"ಮೂರು ಜೊತೇಲೂ ಬಲಗಡೆಯ ಪಟ್ಟಿ ಕಿರುಬೆರಳ ಹತ್ರಾನೇ ಕಿತ್ತಿದೆ. ಒಂದು ಸಲ ಆದ್ರೆ ಚಪ್ಪಲಿ ತಪ್ಪು. ಮೂರು ಸಲ ಆದ್ರೆ ಅಳತೆ ತಪ್ಪು."

ದರ್ಜಿಗೆ ಈ ಮಾತು ಚುಚ್ಚಿತು. "ನನ್ನ ಅಳತೆ ತಪ್ಪಲ್ಲ ಮಾಮ. ಇವಳ ಕಾಲೇ ಸ್ವಲ್ಪ ಡೊಂಕು."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ನೆಲವನ್ನು ಬಿಟ್ಟು ಕಾಲನ್ನೇ ಹಿಡಿದುಕೊಂಡ.

ಮಾಮ ವಾದಕ್ಕೆ ಇಳಿಯಲಿಲ್ಲ, ವಿಚಾರಿಸಿದರು. ಅಳತೆ ತೆಗೆದದ್ದು ಯಾವಾಗ? ಬೆಳಿಗ್ಗೆ, ಅವಳು ಕೆಲಸಕ್ಕೆ ಹೊರಡುವ ಮೊದಲು. ಹೇಗೆ? ಮಿಷನ್ನಿನ ಸ್ಟೂಲಿನ ಮೇಲೆ ಕೂರಿಸಿ, ಕಾಲನ್ನು ತನ್ನ ಮಂಡಿಯ ಮೇಲೆ ಇಟ್ಟುಕೊಂಡು. ಯಾವ ಕಾಲು? ಎಡಗಾಲು. ಎರಡೂ ಒಂದೇ ತಾನೆ ಎಂದು ದರ್ಜಿಯೇ ತಿರುಗಿ ಕೇಳಿದ.

"ಮಾಸ್ಟ್ರೇ, ಪ್ಯಾಂಟಿನ ಅಳತೆ ಯಾರನ್ನಾದ್ರೂ ಕೂರಿಸಿ ತಗೋತೀರಾ?" ಎಂದರು ಮಾಮ.

ದರ್ಜಿ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ. 

ಮಾಮ ಅವನಿಂದಲೇ ಬಟ್ಟೆ ಕತ್ತರಿಸುವ ಕಂದು ಕಾಗದ ಹಾಸಿಸಿದರು. ಗಾಯಕ್ಕೆ ಬಟ್ಟೆ ಸುತ್ತಿ, ಅವಳನ್ನು ಮೊದಲು ಕೂರಿಸಿ ಎರಡೂ ಪಾದದ ಸುತ್ತ ಗೆರೆ ಎಳೆಸಿದರು. ಆಮೇಲೆ ಮೈಭಾರವೆಲ್ಲ ಬಿಟ್ಟು ನಿಲ್ಲಲು ಹೇಳಿ, ಮತ್ತೆ ಎಳೆಸಿದರು. ಎರಡನೆಯ ಗೆರೆ ಮೊದಲನೆಯದರ ಹೊರಗೆ ಬಂತು. ಅಗಲದಲ್ಲಿ ಕಿರುಬೆರಳಿನ ಉಗುರಿನಷ್ಟು ವ್ಯತ್ಯಾಸ. ಸುತ್ತಿದ ಬಟ್ಟೆಯ ದಪ್ಪ ಬಿಟ್ಟು ನೋಡಿದರೂ ಬಲಗಾಲು ಎಡಗಾಲಿಗಿಂತ ತುಸು ದೊಡ್ಡದೇ ಇತ್ತು. ದರ್ಜಿ ಅಳೆದ. ನಂಬದೆ ಬೇರೆ ಟೇಪು ತಂದು ಅಳೆದ. ಟೇಪುಗಳೆರಡೂ ಒಂದೇ ಮಾತು ಹೇಳಿದವು.

ನಿಂತಾಗ ಪಾದ ಹರಡಿಕೊಳ್ಳುತ್ತದೆ, ದಿನವೆಲ್ಲ ನಡೆದರೆ ಸಂಜೆಗೆ ಇನ್ನಷ್ಟು ಊದುತ್ತದೆ ಎಂದು ಮಾಮ ವಿವರಿಸಿದರು. ಬೆಳಿಗ್ಗೆ ಕೂತ ಕಾಲಿಗೆ ಕೊಂಡ ಚಪ್ಪಲಿ ಮಧ್ಯಾಹ್ನ ನಡೆಯುವ ಕಾಲಿಗೆ ಸಾಲುವುದಿಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಸರಿ. ಚಪ್ಪಲಿ ಇದ್ದಷ್ಟೇ ಕಾಲು ಇಟ್ಕೋ ಅಂತ ಯಾರೂ ಹೇಳಿಲ್ಲ."

ದರ್ಜಿ ಹೆಂಡತಿಯ ಕಡೆ ತಿರುಗಿದ. "ಮದುವೆ ಆದಾಗಿಂದ ಹೀಗೇ ತರ್ತಿದ್ದೀನಿ. ನೀನು ಒಂದು ಮಾತು ಹೇಳಬಾರದಿತ್ತಾ?"

"ಹೇಳ್ದೆ. ಪಳಗತ್ತೆ ಬಿಡು ಅಂದ್ರಿ."

ಅವನಿಗೆ ನಾಚಿಕೆಯಾಯಿತು. ಗಿರಾಕಿಗಳಿಗೆ ಹೊಸ ಅಂಗಿ ತೊಡಿಸಿ, ಕಂಕುಳಲ್ಲಿ ಹಿಡಿಯುತ್ತದೆಯೇ ಎಂದು ಎರಡೆರಡು ಸಲ ಕೇಳುವ ಮನುಷ್ಯ ಅವನು.

ಮರುದಿನ ಆರೋಗ್ಯ ಕೇಂದ್ರದ ನರ್ಸಮ್ಮ ಗಾಯ ತೊಳೆದು ಪಟ್ಟಿ ಕಟ್ಟಿದರು. ನಾಲ್ಕು ದಿನ ನಡೆಯುವಂತಿಲ್ಲ ಎಂದರು. ಸಕ್ಕರೆ ಕಾಯಿಲೆಗೂ ಪರೀಕ್ಷೆ ಮಾಡಿದರು, ಇರಲಿಲ್ಲ. ಇದ್ದವರಿಗೆ ಕಾಲಿನ ಸ್ಪರ್ಶ ಕಡಿಮೆಯಾಗಬಹುದು, ಚಪ್ಪಲಿ ಕಚ್ಚಿದರೂ ತಿಳಿಯದೇ ಹೋಗಬಹುದು, ಅಂಥವರು ಸಣ್ಣ ಗಾಯವಾದರೂ ತಡಮಾಡದೆ ಬಂದು ತೋರಿಸಬೇಕು ಎಂದರು. ದಿನವೂ ಮಲಗುವ ಮೊದಲು ಪಾದ ನೋಡಿಕೊಳ್ಳಲು ಒಂದು ಉಪಾಯವನ್ನೂ ಹೇಳಿಕೊಟ್ಟರು. "ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಕ್ಕ. ಅಂಗಾಲಿನ ಹುಣ್ಣಿಗೆ ಬೇಕು. ಒಂದು ಕೈಗನ್ನಡಿ ನೆಲದ ಮೇಲಿಟ್ಟು ನೋಡ್ಕೊಳ್ಳಿ."

ನಾಲ್ಕನೆಯ ದಿನ ಸಂಜೆ, ನರ್ಸಮ್ಮ ಗಾಯ ಒಣಗಿದೆ ಎಂದ ಮೇಲೆ, ಗಂಡ, ಹೆಂಡತಿ, ಮಾಮ ಮೂವರೂ ಚಪ್ಪಲಿ ಅಂಗಡಿಗೆ ಹೋದರು. ದರ್ಜಿ ಚೀಟಿ ತಂದಿರಲಿಲ್ಲ, ಕಾಲುಗಳನ್ನೇ ಕರೆದುಕೊಂಡು ಬಂದಿದ್ದ. ಆದರೂ ಹಳೆಯ ಚಾಳಿ ಸುಲಭಕ್ಕೆ ಬಿಡುವುದಿಲ್ಲ. ಹೊಳೆಯುವ ಬಕಲಿನ, ತೆಳು ಪಟ್ಟಿಯ ಒಂದನ್ನು ಮೊದಲು ಕೈಗೆತ್ತಿಕೊಂಡ. ಮಾಮ ಅದನ್ನು ತೆಗೆದುಕೊಂಡು, ಹಿಮ್ಮಡಿ ಮತ್ತು ತುದಿ ಹಿಡಿದು ಒದ್ದೆ ಬಟ್ಟೆ ಹಿಂಡುವಂತೆ ತಿರುಚಿದರು. ಸಲೀಸಾಗಿ ತಿರುಚಿಕೊಂಡಿತು. ಇದು ಕಲ್ಲಿನ ಮೆಟ್ಟಿಲಲ್ಲಿ ಪಾದವನ್ನು ಹಿಡಿದು ನಿಲ್ಲಿಸುವುದಿಲ್ಲ ಎಂದು ಕೆಳಗಿಟ್ಟರು. ಇನ್ನೊಂದು ಎಲ್ಲಿಯೂ ಬಾಗಲೇ ಇಲ್ಲ, ಹಲಗೆಯಂತಿತ್ತು. ಗಟ್ಟಿ ಎಂದರೆ ಬಾಳಿಕೆ ಎಂದುಕೊಂಡಿದ್ದ ದರ್ಜಿಗೆ ಅದು ಇಷ್ಟವಾಯಿತು. ಬೆರಳ ಬುಡದಲ್ಲಿ ಬಾಗಬೇಕು, ನಡುವೆ ಬಾಗಬಾರದು ಎಂದು ಮಾಮ ಅದನ್ನೂ ಬದಿಗೆ ಸರಿಸಿದರು.

ಹೊಲಿಗೆಯ ವಿಷಯಕ್ಕೆ ಬಂದಾಗ ದರ್ಜಿಯ ಕಣ್ಣು ಉಪಯೋಗಕ್ಕೆ ಬಂತು. ಪಟ್ಟಿ ಬರೀ ಅಂಟಿನಿಂದ ನಿಂತಿದ್ದನ್ನು ಅವನೇ ಕಂಡುಹಿಡಿದ. ಪಟ್ಟಿಯ ತುದಿ ತಳದೊಳಗೆ ಇಳಿದು ಹೊಲಿಗೆ ಬಿದ್ದಿರುವ ಒಂದು ಜೊತೆಯನ್ನು ಹುಡುಕಿ ಕೊಟ್ಟ. ಒಳಗೆ ಕೈಯಾಡಿಸಿ ನೋಡಿದ, ಒರಟು ಅಂಚು ಇರಲಿಲ್ಲ. ಮುಂದೆ ಎರಡು ಪಟ್ಟಿ, ಹಿಮ್ಮಡಿಗೂ ಒಂದು ಇತ್ತು, ಮೂರನ್ನೂ ಬೇಕಾದಂತೆ ಬಿಗಿ ಸಡಿಲ ಮಾಡಬಹುದಿತ್ತು. ತಳದಲ್ಲಿ ಆಳದ ಗೆರೆಗಳಿದ್ದವು. ಬಣ್ಣ ಮಾತ್ರ ಕೆಸರಿನದು. ಅವಳು ಎರಡೂ ಕಾಲಿಗೆ ಹಾಕಿ ನಿಂತಳು. ಬೆರಳುಗಳು ಮುಂದೆ ಚಾಚಲಿಲ್ಲ, ಹಿಮ್ಮಡಿ ಹಿಂದೆ ಇಳಿಯಲಿಲ್ಲ. ಆಮೇಲೆ ಅಂಗಡಿಯ ಮೆಟ್ಟಿಲನ್ನು ಹತ್ತಿ ಇಳಿದಳು, ಹತ್ತು ಸಲ. ಅಂಗಡಿಯವನು ಗಡಿಯಾರ ನೋಡಿದ. ಅವಳು ನೋಡಲಿಲ್ಲ.

"ಕಚ್ಚತ್ತಾ?" ದರ್ಜಿ ಕೇಳಿದ. ಇಷ್ಟು ವರ್ಷಗಳಲ್ಲಿ ಅವನಾಗಿಯೇ ಹಾಗೆ ಕೇಳಿದ್ದು ಅದೇ ಮೊದಲು.

"ಇಲ್ಲ," ಎಂದಳು. 

ಎರಡು ದಿನ ಹೊಸ ಚಪ್ಪಲಿಯನ್ನು ಮನೆಯಲ್ಲೇ ಹಾಕಿಕೊಂಡು ಗಂಡನ ಅಂಗಡಿಯ ಬಟ್ಟೆಗಳಿಗೆ ಇಸ್ತ್ರಿ ಮಾಡಿದಳು, ಗುಂಡಿ ಹೊಲಿದಳು. ಹೊಸ ಚಪ್ಪಲಿಯಲ್ಲಿ ದೂರ ಹೋಗಬೇಡ ಎಂದು ಮಾಮ ತಾಕೀತು ಮಾಡಿದ್ದರು. ಏಳನೆಯ ದಿನ ಎಂಟೇ ಮನೆ ಓದಿದಳು. ಮರುದಿನ ಹದಿಮೂರು, ಆಮೇಲೆ ಹದಿನೈದು. ಮನೆಗೆ ಬಂದು ಚಪ್ಪಲಿ ತೊಳೆದು ಬಿಸಿಲಿಗೆ ಇಡದೆ ನೆರಳಲ್ಲಿ ಒಣಗಿಸುತ್ತಿದ್ದಳು. ಬಿಸಿಲಿಗೆ ಅಂಟು ಬಿಡುತ್ತದೆ ಎನ್ನುವುದನ್ನೂ ಮಾಮನಿಂದ ಕಲಿತಿದ್ದಳು. ರಾತ್ರಿ ಮಲಗುವ ಮೊದಲು ಕೈಗನ್ನಡಿ ನೆಲದ ಮೇಲಿಟ್ಟು ಅಂಗಾಲು ನೋಡಿಕೊಳ್ಳುತ್ತಿದ್ದಳು.

ಕೊನೆಯ ದಿನ ಉಳಿದದ್ದು ಹದಿನಾಲ್ಕು ಮನೆ, ಎಲ್ಲವೂ ಮೆಟ್ಟಿಲೋಣಿಯವು. ಮಧ್ಯಾಹ್ನ ಮೂರಕ್ಕೆ ಕೊನೆಯ ಮೀಟರಿನ ಮುಚ್ಚಳ ಎತ್ತಿದಳು. ನೀರು ಕೊಡುವ ಅಜ್ಜಿಯ ಮನೆ ಅದು. ಎಷ್ಟು ದಿನವಾಯಿತು, ಬೇರೆ ಯಾರನ್ನೋ ಕಳಿಸುತ್ತಾರೆ ಅಂದುಕೊಂಡೆ ಎಂದಳು ಅಜ್ಜಿ. ಮೀಟರಕ್ಕ ಅಂಕಿ ಬರೆದುಕೊಂಡು, ನೀರು ಕುಡಿದು, ಮುಂದಿನ ತಿಂಗಳೂ ನಾನೇ ಬರ್ತೀನಿ ಎಂದಳು. ಸಂಜೆ ಕಚೇರಿ ಮುಚ್ಚುವ ಮೊದಲು ಅಂಕಿ ಬರೆದ ಪುಸ್ತಕವು ಮೇಲ್ವಿಚಾರಕರ ಮೇಜಿನ ಮೇಲಿತ್ತು. ವಾರ್ಡು ಅವಳದೇ ಉಳಿಯಿತು.

ಆ ಕಂದು ಕಾಗದ ಈಗ ದರ್ಜಿಯ ಅಂಗಡಿಯ ಗೋಡೆಯ ಮೇಲಿದೆ. ಎರಡು ಪಾದ, ನಾಲ್ಕು ಗೆರೆ. ಇದೇನು ಹೊಸ ಡಿಸೈನಾ ಎಂದು ಗಿರಾಕಿಗಳು ಕೇಳುತ್ತಾರೆ. "ನನ್ನ ತಪ್ಪು ಅಳತೆ," ಎನ್ನುತ್ತಾನೆ ಅವನು. ಆಮೇಲೆ ಅವರ ಕಾಲು ನೋಡುತ್ತಾನೆ.

ಇದನ್ನು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ದಿನವೆಲ್ಲ ಕಾಲ ಮೇಲೆ ದುಡಿಯುವವರೇ, ಇಂದು ಸಂಜೆ ಕೆಲಸ ಮುಗಿಸಿ ಬಂದ ಮೇಲೆ ಒಂದು ಹಳೆಯ ಕಾಗದದ ಮೇಲೆ ಎದ್ದು ನಿಲ್ಲಿ. ಎರಡೂ ಪಾದದ ಸುತ್ತ ಗೆರೆ ಎಳೆಯಿರಿ, ನಿಮ್ಮ ಚಪ್ಪಲಿಯನ್ನು ಅದರ ಮೇಲಿಟ್ಟು ನೋಡಿ. ಗೆರೆ ಹೊರಗೆ ಕಂಡರೆ ಪಳಗಲಿ ಎಂದು ಕಾಯಬೇಡಿ. ಮನೆಯವರಿಗೆ ಚಪ್ಪಲಿ ಕೊಳ್ಳುವಾಗ ಅವರನ್ನೂ ಕರೆದುಕೊಂಡು ಹೋಗಿ, ದೊಡ್ಡ ಕಾಲಿಗೆ ಸರಿಯಾದದ್ದನ್ನು ಆರಿಸಿ, ಅಂಗಡಿಯಲ್ಲೇ ನಡೆಸಿ ನೋಡಿ. ಕಚ್ಚುತ್ತದೆಯೇ ಎಂದು ಕೇಳಿ. ಅವರು ಹೌದು ಎಂದರೆ ನಂಬಿ.