ಎರಡನೆಯ ಕೇಬಲ್‌ನ ನಿದ್ದೆ

ಬಯಲಿನ ತುಂಬ ಹೀದರ್ ಹೂವು ನೇರಳೆಯಾಗಿ ಅರಳಿತ್ತು. ಆಗಸ್ಟಿನ ಮಂಜು ಹತ್ತು ಗಂಟೆಯಾದರೂ ಕದಲಿರಲಿಲ್ಲ. ಅದರೊಳಗೆ ರೇಡಿಯೋ ದೂರದರ್ಶಕದ ಬಿಳಿ ತಟ್ಟೆಗಳೆಲ್ಲ ಒಟ್ಟಿಗೆ, ಸದ್ದಿಲ್ಲದೆ ತಲೆ ತಿರುಗಿಸುತ್ತಿದ್ದರೆ, ಕಿಟಕಿಯಲ್ಲಿ ನಿಂತ, ಅಲ್ಲಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಯಾಂಟೀನ್‌ಗೆ ತಾನು ಎಚ್ಚರವಾಗಿದ್ದೇನೋ ಇಲ್ಲವೋ ಎಂದೇ ಅನುಮಾನ.

ಆದರೆ ಕನಸು ಕಾಣುವ ದಿನ ಅದಲ್ಲ. ಶುಕ್ರವಾರ ನಿವೃತ್ತರಾಗಲಿದ್ದ ಖಗೋಳಜ್ಞ ರೂಲಫ್, ಹತ್ತೊಂಬತ್ತು ವರ್ಷ ಕಾದು, ಅಂದು ಬೆಳಿಗ್ಗೆ ಆಕಾಶದಾಳದ ಒಂದು ರೇಡಿಯೋ ಮಿಂಚನ್ನು ಹಿಡಿದಿದ್ದರು. ಅದರ ದಾಖಲೆ ಒಂದು ಚಿಕ್ಕ ಸರ್ವರ್‌ನಲ್ಲಿತ್ತು. ಸಂಜೆ ಐದಕ್ಕೆ ಹೊಸ ದಾಖಲೆ ಬಂದು ಅದನ್ನು ಅಳಿಸುತ್ತದೆ. ಅಷ್ಟರಲ್ಲಿ ಅದು ಸ್ವಿಚ್ ಎಂಬ ಕವಲುಪೆಟ್ಟಿಗೆ ದಾಟಿ ಉಗ್ರಾಣದ ದೊಡ್ಡ ಸರ್ವರ್ ಸೇರಬೇಕು. ಹತ್ತಕ್ಕೆ ಶುರುವಾದ ನಕಲು ಆರಕ್ಕೆ ಮುಗಿಯುತ್ತದೆ ಎಂದು ಪರದೆ ಹೇಳುತ್ತಿತ್ತು.

ಎರಡು ವರ್ಷದ ಹಿಂದೆ, ಎರಡೂ ಸರ್ವರ್‌ಗಳಿಂದ ಸ್ವಿಚ್‌ಗೆ ಎರಡೆರಡು ಕೇಬಲ್ ಜೋಡಿಸಿ ಒಂದಾಗಿಸಿದ್ದವಳು ಯಾಂಟೀನ್. ವೇಗ ಇಮ್ಮಡಿಯಾಯಿತು ಎಂದು ಊರಿಗೆಲ್ಲ ಸಾರಿದವಳೂ ಅವಳೇ. ಆ ಮಾತು ಈಗ ಕುತ್ತಿಗೆಗೆ ಬಂದಿತ್ತು. ಕೇಬಲ್ ಅದಲುಬದಲು ಮಾಡಿದಳು, ತುದಿ ಒರೆಸಿದಳು. ಜೋಡಿಯಲ್ಲಿ ಒಂದರ ದೀಪ ಪಟಪಟ ಮಿನುಗುತ್ತಿತ್ತು. ಇನ್ನೊಂದರದು ಕಣ್ಣು ಬಿಟ್ಟುಕೊಂಡೇ ನಿದ್ದೆ ಹೋದವರಂತೆ ಸುಮ್ಮನೆ ಉರಿಯುತ್ತಿತ್ತು.

ಸೋತು ಸರ್ವರ್ ಕೋಣೆಯ ನೆಲದ ಮೇಲೆ ಕೂತಳು. ಫ್ಯಾನುಗಳ ಬಿಸಿಗಾಳಿ, ಜೋಗುಳದಂಥ ಗುಂಯ್‌ಗುಡುವಿಕೆ. ಕಣ್ಣೆಳೆಯುವ ಹೊತ್ತಿಗೆ ಹೊಳೆಯಿತು. ಯಾವುದೂ ಕೆಟ್ಟಿಲ್ಲ. ಸರ್ವರ್, ಸ್ವಿಚ್ ಎರಡೂ ಕಳಿಸುವವರ ವಿಳಾಸ, ಪಡೆಯುವವರ ವಿಳಾಸ ನೋಡಿ ದಾರಿ ಆರಿಸುತ್ತವೆ. ವಿಳಾಸ ಬದಲಾಗದಿದ್ದರೆ ದಾರಿಯೂ ಬದಲಾಗದು. ಇಲ್ಲವಾದರೆ ಮಾಹಿತಿಯ ಸಾಲು ಚೆದುರೀತು. ಒಂದೇ ನಕಲು ಎಂದೂ ಎರಡು ಕೇಬಲ್ ಹಿಡಿಯುವುದಿಲ್ಲ. ದಾಖಲೆಯನ್ನು ಹಲವು ತುಂಡು ಮಾಡಿ ಒಟ್ಟಿಗೆ ಕಳಿಸಬೇಕು; ದಾರಿ ಆರಿಸುವಾಗ ಪ್ರತಿ ತುಂಡಿಗೂ ಬೇರೆಯಾಗಿರುವ ಸಂಪರ್ಕ ಸಂಖ್ಯೆಯನ್ನೂ ನೋಡಿ ಎಂದು ಸರ್ವರ್‌ಗೂ ಸ್ವಿಚ್‌ಗೂ ಹೇಳಬೇಕು. ಬಂದಷ್ಟನ್ನೂ ಬಿಟ್ಟು ಮೊದಲಿನಿಂದ ಶುರು. ನಾಲ್ಕು ತಾಸು ಬೇಕು. ಗಂಟೆ ಹನ್ನೆರಡೂ ನಲವತ್ತು; ಒಂದರೊಳಗೆ ಶುರುವಾಗಲೇಬೇಕು.

ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಮುಖಕ್ಕೆ ಹೊಡೆದಂತೆ ನಿಜ ಹೇಳುವವರು ಆ ಊರಿನ ಜನ. ನಕಲು ಕಡಿಯುವ ಮುಂಚೆ ರೂಲಫ್‌ಗೆ ಹೇಳಲೇಬೇಕಿತ್ತು; ಬೈಗುಳಕ್ಕೆ ಸಿದ್ಧಳಾಗಿಯೇ ಅವಳು ಊಟದ ಮನೆಗೆ ಹೋದಳು.

"ಅವತ್ತು ನಾನು ಹೇಳಿದ್ದು ತಪ್ಪು, ರೂಲಫ್. ಒಂದೇ ನಕಲಿಗೆ ವೇಗ ಇಮ್ಮಡಿ ಆಗಲ್ಲ."

ಅವರು ಮಜ್ಜಿಗೆಯ ಲೋಟ ಕೆಳಗಿಟ್ಟರು. "ಗೊತ್ತಿತ್ತು."

"ಯಾವಾಗಿಂದ?"

"ನೀನು ಹೇಳಿದ ದಿನದಿಂದ್ಲೇ. ಅಷ್ಟು ಖುಷಿಯಾಗಿದ್ಯಲ್ಲ, ಬಾಯಿ ಬರ್ಲಿಲ್ಲ. ಇವತ್ತೂ ನೀನೇ ಕಂಡುಹಿಡೀಲಿ ಅಂತ ಸುಮ್ನಿದ್ದೆ. ಒಂದಕ್ಕೆ ಐದು ನಿಮಿಷ ಇದ್ದಾಗ ಹೇಳ್ತಿದ್ದೆ."

ಯಾಂಟೀನ್‌ಗೆ ಮೈಯೆಲ್ಲ ಉರಿಯಿತು. ಹತ್ತೊಂಬತ್ತು ವರ್ಷದ ಕಾಯುವಿಕೆಯನ್ನು ತನ್ನೊಬ್ಬಳ ಮುಖ ಉಳಿಸಲು ಇವರು ಅಂಚಿಗೆ ತಂದಿಟ್ಟಿದ್ದರು. ಜಗಳಕ್ಕೆ ಸಮಯವಿರಲಿಲ್ಲ, ಸರ್ವರ್ ಕೋಣೆಗೆ ಓಡಿದಳು.

ಎರಡೂ ದೀಪಗಳು ಮಿನುಗಿದವು. ಐದಕ್ಕೆ ಆರು ನಿಮಿಷವಿದ್ದಾಗ ಕೊನೆಯ ತುಂಡು ತಲುಪಿತು.

"ಮುಂದಿನ ಸಲ ಮೊದ್ಲೇ ಹೇಳಿಬಿಡಿ," ಎಂದಳು, ಪಕ್ಕಕ್ಕೆ ಬಂದು ನಿಂತಿದ್ದ ರೂಲಫ್‌ಗೆ. "ನಂಗೆ ಬೇಜಾರಾದ್ರೂ ಆಗ್ಲಿ."

"ಆಯ್ತು," ಎಂದರು ರೂಲಫ್.

ಅಂದು ಗುರುವಾರ. ಮರುದಿನ ಅವರ ನಿವೃತ್ತಿ.